ಕಡಪ ಕಲ್ಲಿನ ಕೀಬೋರ್ಡು

ನಮ್ಮತ್ತೆಗೆ ತಲೆ ಕೆಟ್ಟಿದೆ ಎಂದು ಕೊಟ್ಟೂರಿನ ನಮ್ಮ ಓಣಿಯಲ್ಲಿ ಯಾರೂ ಬಾಯಿಬಿಟ್ಟು ಹೇಳಿಲ್ಲ. ನಮ್ಮ ಓಣಿಯವರು ಅಷ್ಟು ಒರಟರಲ್ಲ. ಆದರೆ ಕಳೆದ ವರ್ಷವಿಡೀ ನಲ್ಲಿಯ ಹತ್ತಿರ ಸಿಕ್ಕವರೆಲ್ಲ ಕೊಡ ಕೆಳಗಿಟ್ಟು, ದನಿ ತಗ್ಗಿಸಿ, "ಈಗ ಹೆಂಗದಾರ್ರಿ ನಿಮ್ಮತ್ತಿ?" ಎಂದು ಕೇಳುತ್ತಿದ್ದರು. ದಾವಣಗೆರೆಯ ಆಸ್ಪತ್ರೆಯಿಂದ ಬಂದವರನ್ನು ವಿಚಾರಿಸುವ ದನಿ ಅದು. ನಾನೇನು ಹೇಳಲಿ? "ಆರಾಮ ಅದಾರ್ರಿ, ಇವತ್ತ ಕಂಪ್ಯೂಟರಿನ ಎರಡನೇ ಪಾಠ ಓದಾಕತ್ಯಾರ" ಎನ್ನುತ್ತಿದ್ದೆ. "ಕೊಟ್ಟೂರೇಶ ಕಾಯ್ತಾನ ಬಿಡ್ರಿ" ಎಂದು ನನ್ನ ಬೆನ್ನು ಸವರಿ ಅವರು ಕೊಡ ಎತ್ತಿಕೊಳ್ಳುತ್ತಿದ್ದರು.

ಕೊಟ್ಟೂರೇಶ ಕಾಯುತ್ತಾನೆ ಎಂಬುದರಲ್ಲಿ ನನಗೆ ಅನುಮಾನವಿಲ್ಲ. ನಾನು ಸಣ್ಣ ಸಣ್ಣ ಉಪಕಾರಕ್ಕೂ ಅವನಿಗೆ ಕೈ ಮುಗಿಯುವವಳು. ಹಾಲು ಉಕ್ಕುವ ಮೊದಲೇ ಕಣ್ಣಿಗೆ ಬಿದ್ದರೆ ಒಂದು ನಮಸ್ಕಾರ. ಮಳೆ ಹನಿಯುವ ಮೊದಲೇ ಹಪ್ಪಳ ಒಳಗೆ ಬಂದರೆ ಇನ್ನೊಂದು. ಆದರೆ ಐವತ್ತೆಂಟು ವರ್ಷದ ಅತ್ತೆ ಒಂದು ಬೆಳಿಗ್ಗೆ ಕಂಪ್ಯೂಟರ್ ಸೈನ್ಸ್ ಪರೀಕ್ಷೆ ಕಟ್ಟುತ್ತೇನೆ ಎಂದರೆ ಅದನ್ನು ಉಪಕಾರದ ಪಟ್ಟಿಗೆ ಸೇರಿಸಬೇಕೋ ಬೇಡವೋ ಎಂದು ನನಗೆ ಬಹಳ ದಿನ ತಿಳಿಯಲಿಲ್ಲ.

ಇದಕ್ಕೆಲ್ಲ ಮೂಲ ಮಿರ್ಚಿ. ನಮ್ಮತ್ತೆಗೆ ಸಂಜೆ ಮಂಡಕ್ಕಿಯ ಜೊತೆ ಎರಡು ಮಿರ್ಚಿ ಬಜ್ಜಿ ಇಲ್ಲದಿದ್ದರೆ ಆ ದಿನ ಮುಗಿದಂತೆಯೇ ಅಲ್ಲ. ಒಂದು ದಿನ ಮಿರ್ಚಿ ತಿಂದು, ಕಟ್ಟಿಕೊಟ್ಟ ಕಾಗದವನ್ನು ಬಿಸಾಡುವ ಮುನ್ನ ಕನ್ನಡಕ ಏರಿಸಿ ಓದಿದರು. ಅಕ್ಷರವಿದ್ದ ಕಾಗದವನ್ನು ಓದದೆ ಬಿಸಾಡಬಾರದು ಎಂಬುದು ಅವರ ನಿಯಮ. ಎಣ್ಣೆ ಹೀರಿದ ಆ ಕಾಗದದಲ್ಲಿ, ಶಾಲೆಗೆ ಹೋಗದೆ ಮನೆಯಲ್ಲೇ ಓದಿ ಪಿಯುಸಿ ಮಟ್ಟದ ಪರೀಕ್ಷೆ ಬರೆಯಬಹುದು, ಎಲ್ಲ ವಿಷಯ ಬೇಡವೆಂದರೆ ಒಂದೇ ವಿಷಯವನ್ನೂ ಬರೆಯಬಹುದು ಎಂದಿತ್ತಂತೆ.

"ನೋಡವಾ" ಎಂದು ಕಾಗದವನ್ನು ನನ್ನ ಮುಂದೆ ಹಿಡಿದರು. "ನಿಂದೂ ಒಂದು ಉಳದೈತಲ್ಲ. ಬರಿತೀಯೇನು?"

ನನ್ನದೂ ಒಂದು ಉಳಿದಿತ್ತು, ನಿಜ. ಹಡಗಲಿಯಲ್ಲಿ ನಾನು ಪಿಯುಸಿ ಓದುತ್ತಿದ್ದಾಗ ಮದುವೆ ಗೊತ್ತಾಯಿತು. ಐದು ಪೇಪರ್ ಬರೆದಿದ್ದೆ. ಆರನೆಯದು ಕಂಪ್ಯೂಟರ್ ಸೈನ್ಸ್, ನನಗೆ ಎಲ್ಲಕ್ಕಿಂತ ಇಷ್ಟದ್ದು. ಅದರ ಹಿಂದಿನ ದಿನವೇ ಮುಹೂರ್ತ ಬಂತು. ಒಂದು ವಾರ ಮುಂದೆ ಹಾಕೋಣ ಎಂದು ನಮ್ಮಪ್ಪ ಕೇಳಿಕೊಂಡರಂತೆ. "ಮುಂದ ಶುಕ್ರ ಅಸ್ತ, ಮೂರು ತಿಂಗಳು ಮುಹೂರ್ತ ಇಲ್ಲ. ಒಂದು ಪೇಪರ್ ಹೋದ್ರ ಏನಾತು?" ಎಂದು ಗಂಡಿನ ಕಡೆಯ ಹಿರಿಯರೊಬ್ಬರು ಹೇಳಿದರಂತೆ. ಯಾರು ಹೇಳಿದರೆಂದು ನಾನು ಕೇಳಲಿಲ್ಲ. ಗಂಡ ಒಳ್ಳೆಯವರು ಸಿಕ್ಕರು, ಮಕ್ಕಳಾದರು, ಹಾಲ್ ಟಿಕೆಟ್ ಟ್ರಂಕಿನ ತಳಕ್ಕೆ ಹೋಯಿತು. ದೇವರು ಐದು ಬರೆಸಿದನಲ್ಲ ಎಂದು ಅದನ್ನೂ ಉಪಕಾರದ ಪಟ್ಟಿಗೇ ಸೇರಿಸಿದ್ದೆ.

"ಈಗ ಯಾಕ್ರಿ ಅತ್ತಿ, ಹನ್ನೆರಡು ವರ್ಷ ಆತು. ನನಗ ಎಲ್ಲ ಮರತೈತಿ" ಎಂದೆ.

"ಹಂಗಾರ ನಾನ ಬರೀತೀನಿ" ಎಂದರು, ಒಲೆಯ ಮೇಲಿನ ಪಾತ್ರೆ ನಾನೇ ಇಳಿಸುತ್ತೇನೆ ಎನ್ನುವಂತೆ.

ಅಷ್ಟಕ್ಕೇ ನಿಲ್ಲಿಸಲಿಲ್ಲ. ಸೋಮವಾರ ಗುಡಿಗೆ ಹೋಗಿ, ಪಾಸಾಗುವವರೆಗೆ ಮಿರ್ಚಿ ಮುಟ್ಟುವುದಿಲ್ಲ ಎಂದು ಹರಕೆ ಹೊತ್ತು ಬಂದರು. ಆಗ ನಮ್ಮ ಯಜಮಾನರಿಗೂ ಇದು ತಮಾಷೆಯಲ್ಲ ಎಂದು ಗೊತ್ತಾಯಿತು. ಫೇಲಾದರೆ ಆಜನ್ಮ ಮಿರ್ಚಿ ಇಲ್ಲ. ಇದಕ್ಕಿಂತ ದೊಡ್ಡ ಆಪತ್ತು ನಮ್ಮ ಮನೆಗೆ ಯಾವುದು ಬಂದೀತು?

ಅರ್ಜಿ ತುಂಬಲು ಹಗರಿಬೊಮ್ಮನಹಳ್ಳಿಗೆ ಹೋದೆವು. ಆನ್‌ಲೈನ್ ಅಂಗಡಿಯಲ್ಲಿ ದೊಡ್ಡ ಮೀಸೆಯವರೊಬ್ಬರು ಕೂತಿದ್ದರು.

"ಯಾರಿಗ್ರಿ ಅಮ್ಮಾರ, ಪರೀಕ್ಷಿ? ಮೊಮ್ಮಗಗೇನ್ರಿ?"

"ನನಗಪ. ಯಾಕ, ನನಗ ತಲಿ ಇಲ್ಲೇನು?"

ಅವರು ನನ್ನ ಮುಖ ನೋಡಿದರು. ನಾನು ಗೋಡೆಯ ಮೇಲಿನ ಕ್ಯಾಲೆಂಡರ್ ನೋಡಿದೆ.

"ಅದಲ್ರಿ, ಕಂಪ್ಯೂಟರ್ ಅಂದ್ರ ಪ್ರಾಕ್ಟಿಕಲ್ ಇರ್ತೈತಿ. ಹೋಮ್ ಸೈನ್ಸ್ ತಗೊಳ್ರಿ, ಸರಳ ಐತಿ."

"ನಲವತ್ತು ವರ್ಷ ರೊಟ್ಟಿ ಬಡದೀನಿ. ಈಗ ಸರ್ಟಿಫಿಕೇಟ್ ತಗೊಂಡು ಬಡೀಲೇನು?"

ಮೀಸೆಯವರು ಕಂಪ್ಯೂಟರ್ ಸೈನ್ಸ್ ಎಂದು ತುಂಬಿದರು.

ಪುಸ್ತಕ ಬಂತು, ಇಂಗ್ಲಿಷಿನಲ್ಲಿ. ಉತ್ತರವನ್ನು ಮಾತ್ರ ಕನ್ನಡದಲ್ಲಿ ಬರೆಯಬಹುದಿತ್ತು. ಹೊಳಲಿನಲ್ಲಿ ಎಸ್ಸೆಸ್ಸೆಲ್ಸಿ ಮುಗಿಸಿದ್ದ ನಮ್ಮತ್ತೆ ಅಕ್ಷರ ಓದಬಲ್ಲವರು, ಅರ್ಥ ಹೇಳಲು ಒಬ್ಬರು ಬೇಕಲ್ಲ? ಆ ಒಬ್ಬರು ಯಾರಾಗಬಹುದು, ನೀವೇ ಹೇಳಿ. ನಾನು ಹಿಟ್ಟು ನಾದುತ್ತ ಪುಸ್ತಕ ನೋಡಿ ಹೇಳುವುದು, ಅವರು ಒಲೆಯ ಪಕ್ಕ ಕೂತು ಬರೆದುಕೊಳ್ಳುವುದು. ಹೀಗೆ ಶುರುವಾಯಿತು.

ಮನೆಯಲ್ಲಿ ಕಂಪ್ಯೂಟರ್ ಇರಲಿಲ್ಲ. ಅದಕ್ಕೇನಂತೆ? ಪಡಸಾಲೆಯ ಕಡಪ ಕಲ್ಲಿನ ನೆಲದ ಮೇಲೆ ಅತ್ತೆ ಬಳಪದಿಂದ ಕೀಬೋರ್ಡ್ ಬರೆದರು. ಕಣ್ಣಿಗೆ ಸರಿಯಾಗಿ ಕಾಣಲೆಂದು ಒಂದೊಂದು ಅಕ್ಷರದ ಮನೆಯನ್ನೂ ಜೋಳದ ರೊಟ್ಟಿಯಷ್ಟು ಮಾಡಿದರು. ಕೀಬೋರ್ಡ್ ದೇವರ ಕೋಣೆಯ ಹೊಸ್ತಿಲಿನಿಂದ ಬಚ್ಚಲ ಬಾಗಿಲವರೆಗೆ ಬಂತು. ಟೈಪ್ ಮಾಡಬೇಕೆಂದರೆ ಮಂಡಿಯೂರಿ ಈ ತುದಿಯಿಂದ ಆ ತುದಿಗೆ ಸರಿಯಬೇಕು. ಒಂದು ಸಾಲಿನ ಪ್ರೋಗ್ರಾಂ ಮುಗಿಯುವಷ್ಟರಲ್ಲಿ ಪಡಸಾಲೆ ಒರೆಸಿದಷ್ಟೇ ದಣಿವು. ಬೆಳಿಗ್ಗೆ ನಮ್ಮ ಯಜಮಾನರು ಟವೆಲ್ ಹೆಗಲಿಗೆ ಹಾಕಿಕೊಂಡು ಸ್ನಾನಕ್ಕೆ ಹೊರಟರೆ,

"ಲೇ, ಸ್ಪೇಸ್ ಬಾರ್ ತುಳೀಬ್ಯಾಡ. ಗ್ವಾಡಿ ಕಡಿಂದ ಬಾ."

"ಯವ್ವಾ, ಬಚ್ಚಲಕ್ಕ ಹೋಗಾಕ ದಾರಿನಾದ್ರೂ ಬಿಡು."

"ಎಂಟರ್ ಮ್ಯಾಲ ಕಾಲಿಡು, ಒಳಗ ಹೋಗ್ತಿ."

ಪಾಠಗಳಿಗೆ ಅವರದೇ ಅರ್ಥಗಳಿದ್ದವು. ಕಂಪ್ಯೂಟರಿಗೆ ತಿಳಿಯುವುದು ಸೊನ್ನೆ ಮತ್ತು ಒಂದು, ಅಂದರೆ ಇಲ್ಲ ಮತ್ತು ಇದೆ, ಎರಡೇ ಎಂದೆ. "ನಮ್ಮೂರ ಕರೆಂಟಿನಂಗ" ಎಂದು ಬರೆದುಕೊಂಡರು. ಒಂದೇ ಕೆಲಸವನ್ನು ಹೇಳಿದಷ್ಟು ಸಲ ಮಾಡಿ ನಿಲ್ಲಿಸುವ ಲೂಪ್ ಅನ್ನು ನಾನು ಅರ್ಧ ಹೇಳುವಷ್ಟರಲ್ಲಿ, ಕೊರಳಿನ ರುದ್ರಾಕ್ಷಿ ಸರ ಮುಂದೆ ಹಿಡಿದು, "ನೂರಾ ಎಂಟು ಮಣಿ. ಒಂದೊಂದಕ್ಕ ಒಂದು ಜಪ. ಮಣಿ ಮುಗಿದ್ರ ನಿಂದರು. ಇಷ್ಟ ಹೌದಲ್ಲ?" ಎಂದರು. ಹೌದು, ಇಷ್ಟೇ. ನಮ್ಮ ಕಾಲೇಜಿನಲ್ಲಿ ಇದಕ್ಕೆ ಎರಡು ವಾರ ಹಿಡಿದಿತ್ತು.

ಒಂದು ಕೆಲಸದ ಹಂತಗಳನ್ನು ಕ್ರಮವಾಗಿ ಬರೆಯಿರಿ ಎಂಬ ಪ್ರಶ್ನೆಗೆ ರೊಟ್ಟಿ ಮಾಡುವುದನ್ನು ಬರೆದರು. ನಾಲ್ಕು ಪುಟವಾಯಿತು. ಮೊದಲ ಹಂತ: ಮುಖ ತೊಳೆದು ದೇವರಿಗೆ ಕೈ ಮುಗಿಯುವುದು. ಒಲೆ ಹತ್ತುವುದು ಮೂರನೆಯ ಪುಟದಲ್ಲಿ.

"ಅತ್ತಿ, ಇಷ್ಟುದ್ದ ಬ್ಯಾಡ್ರಿ."

"ನೀನ ಹೇಳಿದಿ, ಕಂಪ್ಯೂಟರಿಗೆ ಒಂದೊಂದೂ ಬಿಡಿಸಿ ಹೇಳಬೇಕು, ತಾನಾಗಿ ಏನೂ ತಿಳಿಯಂಗಿಲ್ಲ ಅಂತ."

"ಹೌದ್ರಿ."

"ಅಂದ್ರ ನನ್ನ ಮಗನಂಗ. ನಾಲ್ಕು ಪುಟ ಬೇಕಾಗ್ತೈತಿ."

ಎಲ್ಲಕ್ಕೂ ನನ್ನನ್ನು ಕರೆಯುತ್ತಿದ್ದವರು ಮಾಹಿತಿಯನ್ನು ಕೋಷ್ಟಕದಲ್ಲಿ ಜೋಡಿಸುವ ಪಾಠಕ್ಕೆ ಮಾತ್ರ ಕರೆಯಲಿಲ್ಲ. ಪುಸ್ತಕದ ಉದಾಹರಣೆಯಲ್ಲಿ ಯಾವುದೋ ಕಚೇರಿಯ ನೌಕರರ ಹೆಸರು, ಊರು, ಸಂಬಳ ಇದ್ದವು. "ಗುರುತಿಲ್ಲದವರ ಪಗಾರ ನಮಗ್ಯಾಕ?" ಎಂದು ನೋಟುಬುಕ್ಕು ಹಿಡಿದು ಓಣಿಗೆ ಇಳಿದರು. ಮನೆ ಮನೆಗೆ ಹೋಗಿ ಹೆಂಗಸರನ್ನೆಲ್ಲ ಕೇಳಿದರು: "ಎಷ್ಟನೇತ್ತಕ್ಕ ಸಾಲಿ ಬಿಟ್ಟಿ? ಯಾಕ ಬಿಟ್ಟಿ?" ಸರ್ಕಾರದ್ದೇನೋ ಬಂದಿದೆ ಎಂದು ಓಣಿಯಲ್ಲಿ ಸುದ್ದಿಯಾಯಿತು. ಮೂಲೆಮನೆಯಾಕೆ ಆಧಾರ್ ಕಾರ್ಡಿನ ಜೆರಾಕ್ಸ್ ತಂದು ಕೊಟ್ಟಳು. ಎದುರುಮನೆಯ ಮುದುಕಿ, "ನಾ ಸಾಲಿಗೇ ಹೋಗಿಲ್ಲಲೇ, ನನಗೇನೂ ಬರಂಗಿಲ್ಲೇನು?" ಎಂದು ಮೂರು ದಿನ ಮುನಿಸಿಕೊಂಡಳು. ಬರೆದದ್ದನ್ನು ನೋಡಲು ಕೇಳಿದರೆ ಅತ್ತೆ ನೋಟುಬುಕ್ಕು ಸೆರಗಿನಲ್ಲಿ ಮುಚ್ಚಿದರು. "ಇದು ನಂದು. ನೀ ಮುಂದಿನ ಪಾಠ ಓದು."

ನಾನು ಮುಂದಿನ ಪಾಠ ಓದಿದೆ. ಅವರಿಗೆ ಹೇಳಲೆಂದು ಮಧ್ಯಾಹ್ನ ಒಬ್ಬಳೇ ಕೂತು ಓದಿದೆ. ಅವರ ತಪ್ಪು ತಿದ್ದಲೆಂದು ಕಡಪ ಕಲ್ಲಿನ ಮೇಲೆ ನಾನೂ ಬಳಪ ಹಿಡಿದೆ. ಮರೆತಿದೆ ಎಂದುಕೊಂಡಿದ್ದೆಲ್ಲ ಎಲ್ಲಿ ಅಡಗಿತ್ತೋ, ಒಂದೊಂದಾಗಿ ಎದ್ದು ಬಂತು. ಆಗ ನನಗೆ ಏನೂ ಹೊಳೆಯಲಿಲ್ಲ. ನಾನೂ ನಾಲ್ಕು ಪುಟದವಳೇ.

ಪ್ರಾಕ್ಟಿಕಲ್ ಪರೀಕ್ಷೆ ಹರಪನಹಳ್ಳಿಯಲ್ಲಿ. ಅಷ್ಟರಲ್ಲಿ ಹಗರಿಬೊಮ್ಮನಹಳ್ಳಿಯ ಮೀಸೆಯವರು ದೊಡ್ಡ ಮನಸ್ಸು ಮಾಡಿ ನಾಲ್ಕು ಸಲ ಅತ್ತೆಯನ್ನು ತಮ್ಮ ಕಂಪ್ಯೂಟರಿನ ಮುಂದೆ ಕೂರಿಸಿಕೊಂಡಿದ್ದರು. ಮೊದಲ ದಿನ ನಿಜವಾದ ಕೀಬೋರ್ಡ್ ನೋಡಿ ಅತ್ತೆ, "ಇದೇನಪ, ಕಡ್ಲಿಬ್ಯಾಳಿ ಚೆಲ್ಲಿದಂಗ ಐತಿ" ಎಂದಿದ್ದರು. ಆಮೇಲೆ ಬೆರಳು ಹೊಂದಿಕೊಂಡವು. ಆದರೆ ಪ್ರತಿ ಸಲವೂ ಕೊನೆಯಲ್ಲಿ ಕಂಪ್ಯೂಟರ್ ಮುಚ್ಚುವ ಕೆಲಸವನ್ನು ಮೀಸೆಯವರೇ ಮಾಡುತ್ತಿದ್ದರು. ಇದನ್ನು ನೆನಪಿಡಿ. ಇನ್ನೊಂದನ್ನೂ ನೆನಪಿಡಿ: ನಮ್ಮ ಮನೆಯಲ್ಲಿ ಫ್ಯಾನಿನ ಕೆಳಗೆ ಕೂತವರು ನೀರು ಕುಡಿಯಲು ಎದ್ದರೂ ಸಾಕು, ತಿರುಗಿ ಬರುವಷ್ಟರಲ್ಲಿ ಅತ್ತೆ ಸ್ವಿಚ್ ಆರಿಸಿರುತ್ತಾರೆ.

ಪರೀಕ್ಷೆಯ ಕೋಣೆಯ ಹೊರಗೆ ಕಿಟಕಿಯ ಹತ್ತಿರ ನಿಂತು ನಾನು ಪಂಚಾಕ್ಷರಿ ಜಪಿಸುತ್ತಿದ್ದೆ. ಹತ್ತು ಅಂಕಿಗಳಲ್ಲಿ ದೊಡ್ಡದನ್ನು ಹುಡುಕುವ ಪ್ರೋಗ್ರಾಂ ಬಂದಿತ್ತು. ಅತ್ತೆ ಚಪ್ಪಲಿ ಹೊರಗೆ ಬಿಟ್ಟು ಹೋಗಿ ಕೂತು, ಎಲ್ಲರಿಗಿಂತ ಮೊದಲು ಮುಗಿಸಿದರು. ಪರದೆಯ ಮೇಲೆ ಉತ್ತರ ಸರಿಯಾಗಿ ಬಂತು. ಕೈ ಮುಗಿದರು. ಎದ್ದರು. ಗೋಡೆಯ ಹತ್ತಿರ ಹೋಗಿ ಸ್ವಿಚ್ ಆರಿಸಿದರು.

ಆ ಸಾಲಿನ ನಾಲ್ಕೂ ಕಂಪ್ಯೂಟರುಗಳು ಕಣ್ಣು ಮುಚ್ಚಿದವು.

"ಯಾರ್ರೀ ಅದು ಆಫ್ ಮಾಡಿದ್ದು?" ಪರೀಕ್ಷಕರು ಓಡಿ ಬಂದರು.

"ನಾನ್ರಿ. ಮುಗೀತಲ್ರಿ, ಸುಮ್ಮನ ಯಾಕ ಉರೀಬೇಕು ಕರೆಂಟು?"

"ಅಲ್ಲಮ್ಮ, ಸೇವ್ ಮಾಡಿದ್ರಾ?"

ಅತ್ತೆ ಕಿಟಕಿಯ ಕಡೆ ತಿರುಗಿ ನನ್ನನ್ನು ನೋಡಿದರು. ನನಗೆ ನೆಲ ಬಾಯಿಬಿಡಬಾರದೇ ಅನ್ನಿಸಿತು. ಬರೆದದ್ದನ್ನು ಉಳಿಸಿಡಬೇಕು ಎಂದು ನಾನು ಅವರಿಗೆ ಹೇಳಿಕೊಟ್ಟೇ ಇರಲಿಲ್ಲ! ಕಡಪ ಕಲ್ಲಿಗೆ ಸೇವ್ ಯಾಕೆ ಬೇಕು? ಅದರ ಮೇಲೆ ಬರೆದದ್ದು ಮರುದಿನ ನಾನು ಒರೆಸುವ ತನಕ ಇರುತ್ತದೆ.

ಉಳಿದ ಮೂವರಲ್ಲಿ ಇಬ್ಬರು ಸೇವ್ ಮಾಡಿದ್ದರು, ಪುಣ್ಯ. ಒಬ್ಬ ಹುಡುಗಿ ಮಾಡಿರಲಿಲ್ಲ, ಕಣ್ಣು ತುಂಬಿಕೊಂಡಿದ್ದಳು. ಅತ್ತೆ ಪರೀಕ್ಷಕರ ಮುಂದೆ ಹೋಗಿ ನಿಂತು, "ತಪ್ಪು ನಂದ್ರಿ. ನನ್ನನ್ನ ಬೇಕಾದ್ರ ಫೇಲ್ ಮಾಡ್ರಿ. ಆ ಕೂಸಿಗೆ ಟೈಮ್ ಕೊಡ್ರಿ. ಒಂದು ಪೇಪರ್ ಹೋದ್ರ ಏನಾತು ಅನ್ನಂಗಿಲ್ರಿ, ಅದು ಹೋಗಬಾರದ್ರಿ" ಎಂದರು. ಅಷ್ಟು ಮೆತ್ತಗಿನ ದನಿಯಲ್ಲಿ ಅವರು ಮಾತಾಡಿದ್ದನ್ನು ನಾನು ಅದಕ್ಕೆ ಮುಂಚೆ ಕೇಳಿರಲಿಲ್ಲ. ಪರೀಕ್ಷಕರು ಇಬ್ಬರಿಗೂ ಅರ್ಧ ಗಂಟೆ ಹೆಚ್ಚಿಗೆ ಕೊಟ್ಟರು. ಅತ್ತೆ ಇನ್ನೊಮ್ಮೆ ಮೊದಲಿನಿಂದ ಟೈಪ್ ಮಾಡಿದರು. ಮುಗಿದ ಮೇಲೆ ಎರಡೂ ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಂಡು ಹೊರಗೆ ಬಂದರು, ಸ್ವಿಚ್ಚಿನ ಕಡೆ ನೋಡದೆ.

ಬರೆಯುವ ಪರೀಕ್ಷೆಯೂ ಆಯಿತು. ಎರಡು ತಿಂಗಳಿಗೆ ಫಲಿತಾಂಶ ನಮ್ಮ ಯಜಮಾನರ ಫೋನಿನಲ್ಲಿ ಬಂತು. ಪಾಸು. ಬೇಕಾದದ್ದಕ್ಕಿಂತ ಒಂದು ಅಂಕ ಹೆಚ್ಚು. ಆ ಒಂದು ಅಂಕಕ್ಕೆ ನಾನು ಒಂದು ತೆಂಗಿನಕಾಯಿ ಒಡೆದೆ.

ಯಜಮಾನರು ಚಪ್ಪಲಿ ಹಾಕಿಕೊಳ್ಳುವುದನ್ನೂ ಮರೆತು ಓಡಿಹೋಗಿ ಮಂಡಕ್ಕಿ, ಮಿರ್ಚಿ ತಂದರು. ಬಿಸಿ ಹೊಗೆಯಾಡುತ್ತಿತ್ತು. ಅತ್ತೆ ತಟ್ಟೆ ಕೈಗೆ ತೆಗೆದುಕೊಂಡು, ಕಣ್ಣು ಮುಚ್ಚಿ, ಒಮ್ಮೆ ಉದ್ದಕ್ಕೆ ವಾಸನೆ ಎಳೆದುಕೊಂಡರು. ಆಮೇಲೆ ತಟ್ಟೆಯನ್ನು ಮಕ್ಕಳ ಕಡೆ ಸರಿಸಿದರು.

"ಯಾಕ್ರಿ ಅತ್ತಿ? ಪಾಸಾದ್ರಲ್ಲ."

"ಹರಕಿ ಪೂರಾ ಆಗಿಲ್ಲ."

"ಮತ್ತಿನ್ನೇನು ಉಳದೈತ್ರಿ?"

ಅವರು ಎದ್ದು ಹೋಗಿ, ದೇವರ ಜಗಲಿಯ ಮೇಲಿದ್ದ ನೋಟುಬುಕ್ಕು ತಂದು, ಆ ಕೋಷ್ಟಕದ ಪುಟ ತೆಗೆದು ನನ್ನ ತೊಡೆಯ ಮೇಲಿಟ್ಟರು. ಸ್ಕೇಲ್ ಇಟ್ಟು ಎಳೆದ ಗೆರೆಗಳು, ಅತ್ತೆಯದೇ ಕೈಬರಹ. ಹೆಸರು, ಊರು, ಬಿಟ್ಟ ತರಗತಿ, ಕಾರಣ, ಮುಗಿಸಿದ್ದು. ಮೂಲೆಮನೆಯಾಕೆ, ಹೊಸಹಳ್ಳಿ, ಏಳನೆಯದು, ಕಾರಣ: ತಮ್ಮನನ್ನು ಆಡಿಸಲು. ಹಿಂದಿನ ಮನೆಯಾಕೆ, ಕೂಡ್ಲಿಗಿ, ಒಂಬತ್ತು, ಕಾರಣ: ಬಸ್ಸು ಇರಲಿಲ್ಲ. ಅತ್ತೆಯ ಹೆಸರು, ಹೊಳಲು, ಎಸ್ಸೆಸ್ಸೆಲ್ಸಿ, ಕಾರಣ: ಯಾರೂ ಕೇಳಲಿಲ್ಲ. ಅದರ ಮುಂದೆ ಹೊಸ ಮಸಿಯಲ್ಲಿ, ಮುಗಿಸಿದ್ದು: ಒಂದು ವಿಷಯ.

ಕೊನೆಯ ಸಾಲಿನಲ್ಲಿ ನನ್ನ ಹೆಸರಿತ್ತು. ಹಡಗಲಿ. ಪಿಯುಸಿ, ಒಂದು ಪೇಪರ್ ಬಾಕಿ. ಕಾರಣ: ನಾನು.

ಅದರ ಮುಂದೆ, ಮುಗಿಸಿದ್ದು ಎಂಬ ಮನೆ ಖಾಲಿ.

ತಲೆ ಎತ್ತಿ ನೋಡುವಷ್ಟರಲ್ಲಿ ಅತ್ತೆ ಅಲ್ಲಿರಲಿಲ್ಲ. ಗೋಡೆಯ ಹತ್ತಿರ, ನಮಗೆ ಬೆನ್ನು ಮಾಡಿ ನಿಂತಿದ್ದರು. ನಾವೆಲ್ಲ ಕೆಳಗೆ ಕೂತಿರುವಾಗಲೇ ಫ್ಯಾನ್ ಆರಿಸಿಬಿಟ್ಟಿದ್ದರು.

ಹೋದ ವಾರ ಹಗರಿಬೊಮ್ಮನಹಳ್ಳಿಗೆ ಹೋಗಿ ಅರ್ಜಿ ತುಂಬಿ ಬಂದೆ. ಮೀಸೆಯವರು ಈ ಸಲ ಹೋಮ್ ಸೈನ್ಸ್ ಎನ್ನಲಿಲ್ಲ. ಪರೀಕ್ಷೆಗೆ ಇನ್ನೂ ಐದು ತಿಂಗಳಿದೆ. ಮೊನ್ನೆ ಸಂತೆಯಿಂದ ಬರುವಾಗ ಮಿರ್ಚಿ ಬಂಡಿಯ ಮುಂದೆ ಅತ್ತೆಯ ಹೆಜ್ಜೆ ಒಂಚೂರು ನಿಧಾನವಾದದ್ದನ್ನು ಕಂಡೆ. ಅವರು ತಿರುಗಿ ನೋಡಲಿಲ್ಲ. ನಾನು ಮನೆಗೆ ಬಂದವಳೇ ಚೀಲ ಬದಿಗಿಟ್ಟು, ರೊಟ್ಟಿ ಆಮೇಲೆ ಬಡಿದರಾಯಿತೆಂದು, ಪಡಸಾಲೆಯಲ್ಲಿ ಪುಸ್ತಕ ಬಿಚ್ಚಿ ಕೂತೆ.