ಪಾದಪೂಜೆಗೆ ಹಾಟ್ ಯೋಗ

"ಪುಷ್ಪಾ, ಈ ಸಲ ಸ್ವಾಮಿಗಳ ಪಾದಪೂಜೆಗೆ ನೆಲದ ಮೇಲೆ ಚಕ್ಕಳಮಕ್ಕಳ ಹಾಕಿ ಕೂರದಿದ್ರೆ ನನ್ನ ಹೆಸರು ದೇವೀರಪ್ಪನೇ ಅಲ್ಲ!"

ಅಕ್ಕಿರೊಟ್ಟಿ ತಟ್ಟುತ್ತಿದ್ದ ನನ್ನ ಹೆಂಡತಿ ಪುಷ್ಪಲತಾ ತಲೆಯೆತ್ತಲೂ ಇಲ್ಲ. "ಯಾವುದಕ್ಕೂ ಇನ್ನೊಂದು ಹೆಸರು ನೋಡಿಟ್ಕೊಂಡಿರಿ," ಎಂದಳು.

ಅವಳ ಅನುಮಾನಕ್ಕೆ ಕಾರಣವಿತ್ತು. ಅರಸೀಕೆರೆಯಲ್ಲಿ ಕೊಬ್ಬರಿ ಮಂಡಿ ಇಟ್ಟು ವರ್ಷಗಟ್ಟಲೆ ಕುರ್ಚಿಯಲ್ಲೇ ಕೂತವನು ನಾನು. ಆ ಮಂಡಿ ಚೆನ್ನಾಗಿ ನಡೆಯಿತು, ಕಾಲಿನ ಮಂಡಿ ನಿಂತುಹೋಯಿತು! ಹೋದ ವರ್ಷ ಸ್ವಾಮಿಗಳು ಮನೆಗೆ ಬಂದಾಗ ನೆಲಕ್ಕೆ ಕೂರಲಾಗದೆ ದೂರ ನಿಂತೆ. ಹಿರಿಮಗನ ಜಾಗದಲ್ಲಿ ತಮ್ಮ ಇಂದ್ರೇಶ್ ಹೆಂಡತಿಯೊಂದಿಗೆ ಕೂತು ಪಾದ ತೊಳೆದ. ಪುಷ್ಪಲತಾ ಅಡುಗೆಮನೆಯಲ್ಲಿ ಪಾಯಸ ಕಲಕುತ್ತ ಉಳಿದಳು. ಅವಳ ಆಗಿನ ಮುಖ ಈಗಲೂ ಕಣ್ಣ ಮುಂದಿದೆ.

"ಆಗಲ್ಲ ಅಂದ್ರೆ ಈಗ್ಲೇ ಹೇಳ್ಬಿಡಿ, ಇಂದ್ರೇಶಂಗೇ ಹೇಳ್ತೀನಿ."

"ಹಾಟ್ ಯೋಗಕ್ಕೆ ಹೋಗ್ತೀನಿ ಕಣೇ! ಕೋಣೆ ಕಾಯ್ಸಿ ಯೋಗ ಮಾಡಿಸ್ತಾರಂತೆ. ಕಬ್ಬಿಣಾನೇ ಕಾಯ್ಸಿದ್ರೆ ಬಗ್ಗುತ್ತೆ, ನಾನ್ ಬಗ್ಗಲ್ವಾ?"

ಮೊದಲ ಕ್ಲಾಸಿಗೆ ನಾನು ಆರಿಸಿದ್ದು ಪೂಜೆಯ ದಿನದ ಬೆಳಗನ್ನೇ. ವಾರ ಮುಂಚೆ ಬಗ್ಗಿಸಿಕೊಂಡು, ಆರಿ ಮತ್ತೆ ಸೆಟೆದುಕೊಂಡರೆ? ಬಿಸಿಬಿಸಿ ಇರುವಾಗಲೇ ಬಂದು ಕೂತುಬಿಡಬೇಕು! ಕೀಲು ಸಡಿಲವಾಗಲೆಂದು ನಮ್ಮದೇ ಕೊಬ್ಬರಿಯ ಎಣ್ಣೆಯನ್ನು ಕತ್ತಿನಿಂದ ಅಂಗಾಲಿನವರೆಗೆ ಧಾರಾಳವಾಗಿ ತಿಕ್ಕಿಕೊಂಡೆ. ಪೂಜೆಗೂ ಆಯಿತೆಂದು ಹಣೆಗೆ ದಪ್ಪಗೆ ವಿಭೂತಿ ಬಳಿದುಕೊಂಡು ಹೊರಟೆ.

ಕ್ಲಾಸು ನಡೆಯುವುದು ಒಂದು ಹಳೆಯ ಕೊಬ್ಬರಿ ಗೋದಾಮಿನಲ್ಲಿ. ಮೇಲೆ ತಗಡು, ಒಳಗೆ ಹೀಟರುಗಳು. ಕೊಬ್ಬರಿ ಒಣಗುತ್ತಿದ್ದ ಜಾಗದಲ್ಲಿ ಈಗ ನಾವು ಸಾಲಾಗಿ ಒಣಗುತ್ತಿದ್ದೆವು. ಟೀಚರ್ ಸಿರಿ ಬೇಲೂರಿನ ಹುಡುಗಿ.

"ಸರ್, ನಮ್ಮೂರ ಶಿಲಾಬಾಲಿಕೆ ನೋಡಿದೀರಲ್ವಾ? ಹಾಗೆ ಸೊಂಟ ಬಳುಕಿಸಿ."

"ನಾನು ಹಳೇಬೀಡಿನ ನಂದಿ ಕಣಮ್ಮ! ಬಳುಕೋ ಜಾತಿ ಅಲ್ಲ."

ಆದರೂ ಬಗ್ಗಿದೆ. ಅಂದರೆ, ಕತ್ತು ಬಗ್ಗಿತು. ಉಳಿದದ್ದು ಒಪ್ಪಲಿಲ್ಲ. ಬೆವರು ಧಾರಾಕಾರವಾಗಿ ಇಳಿಯಿತು, ಜೊತೆಗೆ ವಿಭೂತಿಯೂ ಕರಗಿ ಎರಡೂ ಕಣ್ಣಿಗೆ ಇಳಿಯಿತು. ಉರಿಯೋ ಉರಿ! ಕಣ್ಣು ಮುಚ್ಚಿಕೊಂಡು ಒಂದು ಹೆಜ್ಜೆ ಇಟ್ಟೆ. ಎಣ್ಣೆಯ ಅಂಗಾಲು ಕೇಳಬೇಕೆ? ಸರ್ರನೆ ಜಾರಿ, ಪಕ್ಕದಲ್ಲಿ ಶವಾಸನದಲ್ಲಿ ಮಲಗಿದ್ದ ನಿವೃತ್ತ ಮೇಷ್ಟ್ರು ಹನುಮಂತಯ್ಯನವರ ಮೇಲೆ ಬಿದ್ದೆ.

"ಅಯ್ಯಯ್ಯೋ, ಸತ್ತೆ!" ಎಂದು ಅವರು ಶವಾಸನ ಬಿಟ್ಟು ಎದ್ದರು.

ನಾನು ಅವರ ಮೇಲಿಂದ ಉರುಳಿ ಗೋಡೆಗೆ ಬಡಿದು ಕೂತೆ. ಕಣ್ಣೊರೆಸಿ ನೋಡುತ್ತೇನೆ, ನನ್ನ ಎರಡೂ ಪಾದಗಳು ತೊಡೆಯ ಮೇಲಿವೆ!

"ವಾವ್ ಸರ್! ಮೊದಲ ದಿನಾನೇ ಪದ್ಮಾಸನ!" ಸಿರಿ ಚಪ್ಪಾಳೆ ತಟ್ಟಿದಳು.

"ಸಂತೋಷ ಕಣಮ್ಮ. ಬಿಚ್ಚೋದು ಹೇಗೆ?"

ಬಿಚ್ಚಲಿಲ್ಲ. ಕಾಲು ಹಿಡಿದುಕೊಂಡುಬಿಟ್ಟಿತ್ತು. ಮೇಷ್ಟ್ರು ಸೇಡು ತೀರಿಸಿಕೊಳ್ಳುವವರಂತೆ ಎಳೆದರು, ಎಣ್ಣೆಗೆ ಅವರ ಕೈ ಜಾರಿತು. ಅಷ್ಟರಲ್ಲಿ ಹೆಂಡತಿಯ ಫೋನ್.

"ಎಲ್ಲಿದೀರ್ರೀ? ಸ್ವಾಮಿಗಳು ಬಾಣಾವರ ದಾಟಿದ್ರಂತೆ!"

ನಮ್ಮ ಮಂಡಿಗೆ ಲಗೇಜ್ ಆಟೋ ಓಡಿಸುವ ಭೀಮರಾಜನನ್ನು ಕರೆಸಿದೆ. ಅವನು ನನ್ನನ್ನು ಸುತ್ತಲೂ ನೋಡಿದ. "ಹಿಂಗೇ ಲೋಡ್ ಮಾಡಾದಾ ಸಾವ್ಕಾರ್ರೆ?"

"ಮಾಡಪ್ಪ."

ಎರಡು ಕೊಬ್ಬರಿ ಮೂಟೆಗಳ ನಡುವೆ ಪದ್ಮಾಸನದಲ್ಲೇ ಪೇಟೆ ಬೀದಿ ದಾಟಿದೆ. ಯಾರೋ ಅಜ್ಜಿ ಕೈಮುಗಿದರು. ಕೈಯೆತ್ತಿ ಆಶೀರ್ವಾದ ಮಾಡಿದೆ. ಇನ್ನೇನು ಮಾಡಲಿ!

ಸ್ವಾಮಿಗಳ ಕಾರು ಬರುವ ಮೊದಲೇ ಭೀಮರಾಜನೂ ಮಂಡಿಯ ಆಳೊಬ್ಬನೂ ನೆಂಟರ ಕಣ್ಣು ತಪ್ಪಿಸಿ ಹಿತ್ತಲ ಬಾಗಿಲಿಂದ ನನ್ನನ್ನು ಎತ್ತಿ ತಂದು, ಶಲ್ಯ ಹೊದಿಸಿ, ಮಣೆಯ ಮೇಲಿಟ್ಟರು. ಪುಷ್ಪಲತಾ ರೇಷ್ಮೆ ಸೀರೆಯುಟ್ಟು ಪಕ್ಕದಲ್ಲಿ ಕೂತಳು. ಇಬ್ಬರೂ ಸೇರಿ ಸ್ವಾಮಿಗಳ ಪಾದ ತೊಳೆದೆವು, ಪತ್ರೆ ಏರಿಸಿದೆವು. ಅವಳ ಕಣ್ಣು ತುಂಬಿತ್ತು. ನನಗೆ ನಿಜಕ್ಕೂ ಬಹಳ ಸಂತೋಷವಾಯಿತು.

ಪೂಜೆ ಮುಗಿದು ಎಲ್ಲರೂ ಎದ್ದರು. ನಾನು ಏಳಲಿಲ್ಲ.

"ನೋಡಿ, ನಿಷ್ಠೆ ಅಂದ್ರೆ ಇದು!" ಎಂದರು ಸ್ವಾಮಿಗಳು. "ದೇವೀರಪ್ಪನವರಿಗೆ ಪೂಜೆ ಬಿಟ್ಟು ಏಳೋ ಮನಸ್ಸೇ ಇಲ್ಲ."

ನೆಂಟರೆಲ್ಲ ನನಗೆ ಕೈಮುಗಿದರು. ಇಂದ್ರೇಶನೂ ಮುಗಿದ! ನಾನು ಕಣ್ಣು ಅರ್ಧ ಮುಚ್ಚಿ, ಮುಗುಳ್ನಗೆಯೊಂದನ್ನು ತಂದುಕೊಂಡೆ.

ಆದರೆ ಪುಷ್ಪಲತಾ ಸ್ವಾಮಿಗಳ ಮುಂದೆ ಸುಳ್ಳು ನಿಲ್ಲಗೊಡುವವಳಲ್ಲ.

"ಮನಸ್ಸೇನೋ ಐತೆ ಬುದ್ಧಿ, ಕಾಲು ಬಿಚ್ತಾ ಇಲ್ಲ," ಎಂದವಳೇ ನೆಂಟರ ಕಡೆ ತಿರುಗಿದಳು. "ಯಾರಾದ್ರೂ ಇಬ್ರು ಬನ್ರಪ್ಪ, ಇವರನ್ನ ಎತ್ತಿ ಪಕ್ಕಕ್ಕಿಡಿ. ಊಟಕ್ಕೆ ಎಲೆ ಹಾಕ್ಬೇಕು!"