ಏಕಾಂತಪ್ಪನ ಕರಿ ತಲೆ

ತಲೆ ಬೆಳ್ಳಗಾಗಿದ್ದಕ್ಕೆ ಏಕಾಂತಪ್ಪ ಯಾವತ್ತೂ ಬೇಜಾರು ಮಾಡಿಕೊಂಡವನಲ್ಲ. ಹೊಸದುರ್ಗದ ಬಟ್ಟೆ ಅಂಗಡಿಯಲ್ಲಿ ಮೂವತ್ತು ವರ್ಷದಿಂದ ಮದುವೆ ಸೀರೆ ಬಿಚ್ಚಿ ತೋರಿಸುತ್ತಿದ್ದ. ಹಳೆ ಸಾಹುಕಾರರು ತೀರಿಹೋಗಿ ಮಗ ನಾಗರಾಜ್ ಗಲ್ಲಾದ ಮೇಲೆ ಕೂತ. ಭಾನುವಾರ ಬಾಗಿಲು ಹಾಕುವಾಗ, "ಏಕಾಂತಪ್ಪಾರೆ, ಇನ್ಮೇಲೆ ಅಂಗಡೀಲಿ ವಯಸ್ಸಿನ ಹುಡುಗ್ರೇ ಕಾಣ್ಬೇಕು, ನೋಡ್ಕಳ್ರಿ" ಅಂದ. ಏನು ನೋಡಿಕೊಳ್ಳಬೇಕೋ ಹೇಳಲಿಲ್ಲ. ಕೆಲಸ ಹೋದರೆ ಹಗಲೆಲ್ಲ ಎಲ್ಲಿ ಕೂರುವುದು ಎಂದು ಏಕಾಂತಪ್ಪನಿಗೆ ನಿಜಕ್ಕೂ ಭಯವಾಯಿತು.

"ಅಷ್ಟೇ ತಾನೆ? ಕುಂತ್ಕಳ್ರಿ" ಅಂತ ಬೆಳಿಗ್ಗೆ ಹೆಂಡತಿ ಸರ್ವಮಂಗಳ ತಲೆಗೆ ಕರಿ ಬಣ್ಣ ಮೆತ್ತಿದಳು. ಪಕ್ಕದ ಮನೆ ಶಿವಗಂಗಮ್ಮ ಕಾಂಪೌಂಡಿನಾಚೆಯಿಂದ ಇಣುಕಿ, "ಮೀಸೆ ಬಿಟ್ರೆ ಹೆಂಗವ್ವಾ? ಅದಕ್ಕೂ ಬಳಿ" ಅಂದಳು. ಎದುರು ಮನೆಯ ಕಲ್ಲೇಶ್ ಮಗನ ಬಿಗಿ ಪ್ಯಾಂಟು ತಂದುಕೊಟ್ಟ. ಬೇಡ ಅನ್ನಲು ಏಕಾಂತಪ್ಪನಿಗೆ ಯಾರೂ ಬಿಡುವೇ ಕೊಡಲಿಲ್ಲ.

ತನ್ನೂರು ಶ್ರೀರಾಂಪುರದಲ್ಲಿ ಬಸ್ಸು ಹತ್ತಿ ಹಿರಿಯರ ಸೀಟಿನಲ್ಲಿ ಕೂತರೆ ಕಂಡಕ್ಟರ್ ಎಬ್ಬಿಸಿದ. ಏಕಾಂತಪ್ಪ ಆಧಾರ್ ಕಾರ್ಡು ತೆಗೆದು ತೋರಿಸಿದ.

"ಇದು ನಿಮ್ಮಪ್ಪಾರದಲ್ವಾ? ಅವ್ರು ಬಂದಾಗ ಕುಂದ್ರುಸ್ತೀನಿ, ನೀವು ಏಳ್ರಿ."

ನಿಂತುಕೊಂಡೇ ಹೊಸದುರ್ಗ ಸೇರಿದ. ಅಂಗಡಿಯಲ್ಲಿ ನಾಗರಾಜನೇ ಎದ್ದು, "ಬರ್ರಿ ಸಾರ್, ಏನು ತೋರಿಸ್ಲಿ?" ಅಂದ. ಗುರುತು ಹತ್ತಿದ ಮೇಲೆ ಖುಷಿಯಾಗಿ ಬೆನ್ನು ತಟ್ಟಿದ. ಬದುಕಿದೆಯಾ ಬಡಜೀವವೇ ಅಂದುಕೊಂಡ ಏಕಾಂತಪ್ಪ.

ಅಷ್ಟರಲ್ಲಿ ಮತ್ತೋಡಿನಿಂದ ಮದುವೆ ಜವಳಿಗೆ ಹದಿನೈದು ಜನ ಬಂದಿಳಿದರು. ಮುಂದಾಳು ಹೊನ್ನಕ್ಕ.

"ಆ ಬಿಳಿ ತಲೆ ಅಜ್ಜ ಎಲ್ಲಪ್ಪಾ? ಮೊದಲ್ನೇ ಸೀರೆ ಹಿರೀಕರು ಕೈಗಿಟ್ರೇನೆ ನಮಗೆ ಶುಭ."

"ನಾನೇ ಕಣವ್ವಾ!"

"ಶುಭ ಕಾರ್ಯಕ್ಕೆ ಬಂದಾಗ ತಮಾಷೆ ಮಾಡ್ಬಾರ್ದು ತಮ್ಮಾ. ನಡೀರಿ, ಎದುರು ಅಂಗಡಿಗೆ ಹೋಗಾಣ."

"ಕೂತಿರ್ರಿ ಅಕ್ಕಾರೆ, ಅಜ್ಜನ್ನ ಈಗ್ಲೇ ಕರ್ಕಂಡ್ ಬರ್ತೀನಿ" ಅಂತ ನಾಗರಾಜ್ ಬೀದಿಗೆ ಓಡಿದ. ಹೋಟೆಲ್ ಮುಂದೆ ಚಾ ಕುಡಿಯುತ್ತಿದ್ದ ಬಿಳಿ ತಲೆಯವನೊಬ್ಬನನ್ನು ಲೋಟದ ಸಮೇತ ಎಳೆದುತಂದು ಗಾದಿಯ ಮೇಲೆ ಕೂರಿಸಿದ. ಆತನಿಗೆ ರೇಷ್ಮೆ ಯಾವುದು, ನೂಲು ಯಾವುದು ಗೊತ್ತಿಲ್ಲ. ಹಿಂದಿನಿಂದ ಏಕಾಂತಪ್ಪ ಪಿಸುಗುಟ್ಟಿದ್ದನ್ನೇ ಆತ ಗಟ್ಟಿಯಾಗಿ ಹೇಳಿದ. ಹೊನ್ನಕ್ಕ ಕಾಲಿಗೆ ನಮಸ್ಕಾರ ಮಾಡಿ ಇಪ್ಪತ್ತೆರಡು ಸೀರೆ ಕಟ್ಟಿಸಿದಳು.

"ಅಜ್ಜಾರೆ, ನಾಳೆಯಿಂದ ನೀವು ಇಲ್ಲೇ ಬಂದು ಕುಂತ್ಕಳ್ರಿ. ಹೆಸರು, ವಯಸ್ಸು ಹೇಳ್ರಿ" ಅಂದ ನಾಗರಾಜ್.

"ಪರಮೇಶ್ವರಪ್ಪ. ಐವತ್ತೊಂದು."

ಏಕಾಂತಪ್ಪನಿಗೆ ತಡೆಯಲಾಗಲಿಲ್ಲ. "ಅಲ್ರೀ ಸಾಹುಕಾರ್ರೇ, ಇದ್ಯಾವ ನ್ಯಾಯ? ಹಿರೀಕರು ಅಂತ ನನಗಿಂತ ಹದಿಮೂರು ವರ್ಷ ಚಿಕ್ಕವ್ರನ್ನ ಕೂರಿಸ್ತೀರಲ್ಲ!"

ನಾಗರಾಜ್ ಬೆರಳು ಮಡಿಸಿ ಲೆಕ್ಕ ಹಾಕಿದ. ಗಾಬರಿಯಿಂದ ಏಕಾಂತಪ್ಪನ ಮುಖ ನೋಡಿದ.

"ಅರವತ್ತನಾಲ್ಕಾ? ಮೊದ್ಲೇ ಹೇಳಬಾರ್ದಾ ಯಜಮಾನ್ರೇ! ಇಷ್ಟು ವಯಸ್ಸಾದವ್ರನ್ನ ಇಟ್ಕಂಡ್ರೆ ಜನ ಏನಂತಾರೆ? ನಾಳೆಯಿಂದ ಮನೇಲಿರ್ರಿ."