ಸಕ್ಕರೆ ಊರಿನ ಪುಸ್ತಕ ಬರೆಯಲು ಹೊರಟಾಗ

ಮೂವತ್ತು ವರ್ಷ ಹೈಸ್ಕೂಲಿನಲ್ಲಿ ಇತಿಹಾಸ ಪಾಠ ಮಾಡಿದೆ. ಒಬ್ಬ ರಾಜನೂ ಬಂದು "ಮೇಡಂ, ನೀವು ಹೇಳೋದು ತಪ್ಪು" ಅಂದವನಲ್ಲ. ನಿವೃತ್ತಿಯಾದ ಮೇಲೆ ಮಂಡ್ಯದ ಸಕ್ಕರೆ ಕಾರ್ಖಾನೆಯ ಸುತ್ತ ಬೆಳೆದ ಜನಜೀವನದ ಬಗ್ಗೆ ಪುಸ್ತಕ ಬರೆಯಲು ಹೊರಟೆ ನೋಡಿ, ಅಂದಿನಿಂದ ದಿನಕ್ಕೊಂದು ಅವಾಂತರ. ಬದುಕಿರುವವರ ಚರಿತ್ರೆ ಬರೆಯಲು ಕೂತರೆ ಇದು ತಪ್ಪಿದ್ದಲ್ಲ. ನಾನೂ ಹಟದವಳು, ಬಿಡಲಿಲ್ಲ.

ನೈಟ್ ಶಿಫ್ಟು

ಮೊದಲು ಹೋದದ್ದು ಪ್ಯಾನ್ ತಾತನ ಮನೆಗೆ. ಕಬ್ಬಿನ ಹಾಲು ಕುದಿಸಿ ಸಕ್ಕರೆ ಹರಳು ಕಟ್ಟಿಸುವ ದೊಡ್ಡ ಪಾತ್ರೆಗೆ ಕಾರ್ಖಾನೆಯಲ್ಲಿ ಪ್ಯಾನ್ ಅನ್ನುತ್ತಾರೆ. ತಾತ ದುಡಿದದ್ದೆಲ್ಲ ಅದರ ಮುಂದೆ. ಬೆಳಗ್ಗೆ ಹತ್ತು ಗಂಟೆಗೆ ಹೋದರೆ ಸೊಸೆ ಬಾಗಿಲಲ್ಲೇ ತುಟಿಯ ಮೇಲೆ ಬೆರಳಿಟ್ಟರು.

"ಮೆಲ್ಲಗೆ ಮಾತಾಡಿ ಮೇಡಂ. ನಮ್ ಮಾವಂದು ಈ ವಾರ ನೈಟ್ ಶಿಫ್ಟು. ಈಗ ಮಲಗವ್ರೆ."

"ಅವರು ರಿಟೈರ್ ಆಗಿ ಇಪ್ಪತ್ತು ವರ್ಷದ ಮೇಲಾಯ್ತಲ್ಲಮ್ಮ?"

"ಅವ್ರು ಆಗವ್ರೆ. ಅವ್ರ ನಿದ್ದೆ ಇನ್ನೂ ಆಗಿಲ್ಲ ಮೇಡಂ."

ವಾರಕ್ಕೊಮ್ಮೆ ನಿದ್ದೆಯ ಹೊತ್ತು ಇವತ್ತಿಗೂ ಬದಲಾಗುತ್ತದಂತೆ. ಕ್ಯಾಲೆಂಡರಿನಲ್ಲಿ ಗುರುತು ಹಾಕಿಕೊಂಡು ಮುಂದಿನ ವಾರ ಹೋದೆ. ತಾತ ಮೂರು ಗಂಟೆ ಮಾತಾಡಿದರು. ಕೊನೆಗೆ ನನ್ನ ನೋಟ್‌ಬುಕ್ಕನ್ನೇ ದಿಟ್ಟಿಸಿ ನೋಡುತ್ತಾ, "ನನ್ ಜೊತೆ ಕೆಲ್ಸ ಮಾಡ್ದೋರೆಲ್ಲಾ ಒಂಟೋದ್ರು ಕಣವ್ವ. ಉಳ್ಕಂಡಿರೋನು ನಾನೊಬ್ಬ. ನನ್ ಕಣ್ ಮುಂದೇನೆ ಬುಕ್ಕು ಬರ್ಬೇಕು" ಅಂದರು.

ಎಂಬತ್ತನಾಲ್ಕು ದಾಟಿದ ಜೀವ. ಏನೇ ಆಗಲಿ ಈ ವರ್ಷವೇ ತರುತ್ತೇನೆ ಅಂತ ಮಾತು ಕೊಟ್ಟೆ. ಗೇಟಿನವರೆಗೂ ಬಂದ ತಾತ ಮತ್ತೆ ಕರೆದರು.

"ಫಂಕ್ಷನ್ನು ನೈಟ್ ಶಿಫ್ಟ್ ವಾರ ಇಟ್ಕಬ್ಯಾಡವ್ವ. ನಿದ್ದೆ ಕೆಡ್ತದೆ."

ಪೂರಿಗಾಲಿಯ ಕೇಸರಿಬಾತು

ಪೂರಿಗಾಲಿಯ ಒಂದು ಮನೆತನದ ಹಿರಿಯರು ಕಾರ್ಖಾನೆ ಕೆಲಸಕ್ಕೆಂದು ಮಂಡ್ಯಕ್ಕೆ ಬಂದವರು ಅಂತ ಗೊತ್ತಾಗಿ ಆ ಊರಿಗೆ ಬಸ್ಸು ಹತ್ತಿದೆ. ಮನೆಯ ಅಜ್ಜಿಯನ್ನು ಕೂರಿಸಿಕೊಂಡು ಕೇಳತೊಡಗಿದೆ. ಮೂಲ ಊರು ಯಾವುದು, ಅಣ್ಣತಮ್ಮಂದಿರು ಎಷ್ಟು ಜನ, ಹೆಣ್ಣು ತಂದದ್ದು ಯಾರ ಮನೆಯಿಂದ, ನೀರಾವರಿ ಜಮೀನು ಎಷ್ಟಿತ್ತು? ಅಜ್ಜಿ ಹುರುಪಿನಿಂದ ಹೇಳಿದರು, ನಾನು ಬರೆದುಕೊಂಡೆ. ಅರ್ಧ ಗಂಟೆ ಕಳೆಯುವಷ್ಟರಲ್ಲಿ ಒಳಗಿನಿಂದ ತುಪ್ಪದ ಘಮ. ಉಪ್ಪಿಟ್ಟು, ಕೇಸರಿಬಾತು ಬಂದವು. ಹಿಂದೆಯೇ ರೇಷ್ಮೆ ಸೀರೆ ಉಟ್ಟ ಮೊಮ್ಮಗಳು ತಲೆ ತಗ್ಗಿಸಿಕೊಂಡು ಕಾಫಿ ತಂದಳು.

"ಉಡ್ಗ ಏನ್ ಕೆಲ್ಸದಲ್ಲವ್ನೆ?" ಅಜ್ಜಿ ಕೇಳಿದರು.

"ಯಾವ ಹುಡುಗ ಅಜ್ಜಿ? ನಾನು ಪುಸ್ತಕ ಬರೀತಿದ್ದೀನಿ. ಅದಕ್ಕೇ ಕೇಳಿದ್ದು."

"ಇಷ್ಟೆಲ್ಲಾ ಇಚಾರಿಸಿದ್ದು ಬುಕ್ಕಿಗಾ?"

ಮೊಮ್ಮಗಳು ತಟ್ಟನೆ ತಲೆ ಎತ್ತಿದಳು. "ನಾನ್ ಆಗ್ಲೇ ಏಳ್ನಿಲ್ವಾ ಅಜ್ಜಿ, ಗಂಡಿನ್ ಕಡೆಯೋರು ನೋಟ್‌ಬುಕ್ ತರಲ್ಲ ಅಂತ!"

ನಾನು ನಾಚಿಕೆಯಿಂದ ತಟ್ಟೆ ಕೆಳಗಿಟ್ಟೆ. ಅಜ್ಜಿ ಅದನ್ನು ಮತ್ತೆ ನನ್ನ ಕೈಗೇ ಕೊಟ್ಟರು.

"ತಿನ್ನಿ, ಇರ್ಲಿ ಬುಡಿ. ಬುಕ್ಕಲ್ಲಿ ನಮ್ ಉಡ್ಗಿ ಓದು, ಎತ್ರ ಎಲ್ಲಾ ಬರ್ದು ಆಕಿ. ಓದೋರ್ ಮನೇಲಿ ಗಂಡು ಇದ್ರೂ ಇರ್ಬೋದು."

ಕಬ್ಬು ಎಳೆದವರು

ಹೊಳಲು ಎಂಬ ಹಳ್ಳಿಯ ಅರಳಿಕಟ್ಟೆಯ ಮೇಲೆ ಹಿರಿಯರನ್ನೆಲ್ಲ ಸೇರಿಸಿ, "ಚಿಕ್ಕಂದಿನಲ್ಲಿ ಕಾರ್ಖಾನೆಗೆ ಹೋಗೋ ಗಾಡಿಯಿಂದ ಕಬ್ಬು ಎಳೆದುಕೊಂಡು ತಿಂದವರು ಯಾರ್ಯಾರು?" ಅಂದೆ. ಎಲ್ಲರ ಕೈಯೂ ಮೇಲೆ. ಎಪ್ಪತ್ತರ ಒಬ್ಬ ನಿವೃತ್ತ ಅಧಿಕಾರಿಯಂತೂ ಎದೆಯುಬ್ಬಿಸಿ ವಿವರಿಸಿದರು.

"ಇಬ್ಬರು ಮುಂದೆ ಹೋಗಿ ಗಾಡಿಯವನನ್ನ ಮಾತಿಗೆ ಎಳೆಯೋದು, ಮೂವರು ಹಿಂದಿನಿಂದ ಕಬ್ಬು ಎಳೆಯೋದು. ಒಂದು ಕುಂಟೆತ್ತಿನ ಗಾಡಿ ಇತ್ತು ಮೇಡಂ, ಬಹಳ ನಿಧಾನ. ನಮಗೆ ದಿನಾ ಅದೇ!"

ಮೂಲೆಯಲ್ಲಿದ್ದ ಹಣ್ಣು ಹಣ್ಣು ಮುದುಕರೊಬ್ಬರು ಕೋಲೂರಿಕೊಂಡು ಎದ್ದರು.

"ಲೇ, ನೀನೇನ್ಲಾ ಅದು! ಆ ಗಾಡಿ ನಂದು ಕಣ್ಲಾ! ಕಬ್ಬು ಯಾಕ್ಲಾ ಕಮ್ಮಿ ಆಯ್ತು ಅಂತ ನಮ್ಮಪ್ಪ ನಂಗೆ ಬಾರ್ಕೋಲಲ್ಲಿ ಬಾರ್ಸೋನು. ಅಲ್ಲೇ ಇರು, ಬತ್ತೀನಿ!"

ಅಧಿಕಾರಿಗಳು ಕಟ್ಟೆಯಿಂದ ಧುಮುಕಿ ಓಡಿದ ವೇಗ ನೋಡಿದರೆ, ಅವರಿಗೆ ಹಳೇ ಅಭ್ಯಾಸ ಪೂರ್ತಿ ತಪ್ಪಿರಲಿಲ್ಲ.

ಮದ್ದೂರಿನ ಪ್ರೂಫ್

ಮದ್ದೂರಿನ ಮುದ್ರಕರು ಲಗ್ನಪತ್ರಿಕೆಯಲ್ಲಿ ಪಳಗಿದ ಕೈ. ಪುಸ್ತಕ ಇದೇ ಮೊದಲು. ಪ್ರೂಫ್ ತೆರೆದು ನೋಡಿದರೆ ಪ್ರತಿ ಅಧ್ಯಾಯದ ನೆತ್ತಿಯ ಮೇಲೂ ಒಬ್ಬ ಗಣಪತಿ. ಕಾರ್ಮಿಕರ ಮುಷ್ಕರದ ಅಧ್ಯಾಯ ಮುಗಿದ ಕಡೆ, "ತಾವು ಸಕುಟುಂಬ ಸಮೇತರಾಗಿ ಆಗಮಿಸಬೇಕಾಗಿ ವಿನಂತಿ."

"ಇದೇನ್ರೀ?" ಅಂದೆ.

"ಜಾಗ ಖಾಲಿ ಇತ್ತು ಮೇಡಂ. ಖಾಲಿ ಬಿಟ್ರೆ ನಮ್ ಪ್ರೆಸ್ಸಿಗೆ ಮರ್ಯಾದೆ ಅಲ್ಲ."

ತಾತನ ಮುಖ ಕಣ್ಣ ಮುಂದೆ ಬರುತ್ತಿತ್ತು. ನಾಲ್ಕು ಸಲ ರೈಲು ಹತ್ತಿ, ಪಕ್ಕದಲ್ಲೇ ಕೂತು ಒಂದೊಂದನ್ನೂ ತೆಗೆಸಿದೆ. ಎಲ್ಲ ಮುಗಿದ ಮೇಲೂ ಮುದ್ರಕರ ಮುಖದಲ್ಲಿ ಸಮಾಧಾನವಿಲ್ಲ.

"ನೀವ್ ಹೇಳ್ದಂಗೇ ಮಾಡಿದ್ದೀನಿ ಮೇಡಂ. ಆದ್ರೆ ಎಲ್ಲೂ ಊಟದ ಟೈಮ್ ಇಲ್ವಲ್ಲ, ಜನ ಬರ್ತಾರಾ?"

ಒಂದು ನಿಮಿಷ

ಬಿಡುಗಡೆ ಒಂದು ಭಾನುವಾರ ಬೆಳಗ್ಗೆ, ಮಂಡ್ಯದಲ್ಲಿ. ಪುಸ್ತಕದ ಕಟ್ಟುಗಳು ಪ್ರೆಸ್ಸಿನಿಂದ ನೇರವಾಗಿ ಸಭಾಂಗಣಕ್ಕೇ ಬಂದಿಳಿದವು. ಬಿಚ್ಚಿ ನೋಡುವಷ್ಟು ಪುರುಸೊತ್ತೂ ಸಿಗಲಿಲ್ಲ. ಪ್ಯಾನ್ ತಾತ ಇಸ್ತ್ರಿ ಮಾಡಿದ ಬಿಳಿ ಅಂಗಿ, ಪಂಚೆಯಲ್ಲಿ ಮುಂದಿನ ಸಾಲಿನಲ್ಲೇ ಕೂತಿದ್ದರು. ಕೊಟ್ಟ ಮಾತು ಉಳಿಸಿಕೊಂಡೆನಲ್ಲ ಅಂತ ನನಗೆ ಹೇಳತೀರದಷ್ಟು ಖುಷಿ.

ನಿರೂಪಕರು ಪುಸ್ತಕ ತೆರೆದರು. "ನಮ್ಮನ್ನು ಅಗಲಿದ ಕಾರ್ಮಿಕರ ಹೆಸರು ಓದುತ್ತೇನೆ. ಎಲ್ಲರೂ ಎದ್ದು ನಿಂತು ಒಂದು ನಿಮಿಷ ಮೌನ ಆಚರಿಸಬೇಕು."

ಏಳನೆಯ ಹೆಸರು ಪ್ಯಾನ್ ತಾತನದು.

ಪಕ್ಕದಲ್ಲಿದ್ದ ಮುದ್ರಕರ ಕಡೆ ತಿರುಗಿದೆ. "ಫೋಟೋಗೆ ಹಾರ ಹಾಕಿತ್ತಲ್ಲ ಮೇಡಂ, ಅದಕ್ಕೇ ಅಚ್ಚಿಗೆ ಹಾಕೋ ಮುಂಚೆ ತೀರ್ಕೊಂಡೋರ ಪುಟಕ್ಕೆ ಸೇರಿಸ್ದೆ" ಅಂತ ಪಿಸುಗುಟ್ಟಿದರು. ಅದು ನಿವೃತ್ತಿಯ ದಿನ ಜೊತೆಗಾರರು ಹಾಕಿದ ಗಂಧದ ಹಾರ. ಎಸೆಯಲು ಮನಸ್ಸಾಗದೆ ಮನೆಯವರು ತಾತನ ಫೋಟೋದ ಮೇಲೆ ತೂಗುಹಾಕಿದ್ದರು. ನಾನು ಹಾರದ ಸಮೇತ ಅದರ ಚಿತ್ರ ತೆಗೆದು ಪ್ರೆಸ್ಸಿಗೆ ಕೊಟ್ಟಿದ್ದೆ. ಸಭೆ ಮೌನವಾಗಿ ನಿಂತಿರುವಾಗ ನಾನು ಕೂಗುವುದು ಹೇಗೆ? ನೋಡಿದರೆ ತಾತನೂ ಎಲ್ಲರ ಜೊತೆ ಎದ್ದು, ಕೈಕಟ್ಟಿ ನಿಂತಿದ್ದಾರೆ.

ಜನ ಕೂತ ತಕ್ಷಣ ಓಡಿಹೋಗಿ ಅವರ ಕೈ ಹಿಡಿದುಕೊಂಡೆ. "ತಪ್ಪಾಯ್ತು ತಾತ. ಆ ಪುಟ ಕಿತ್ತು ಬೇರೆ ಹಾಕಿಸ್ತೀನಿ. ಒಂದು ಪ್ರತಿಯನ್ನೂ ಹಾಗೇ ಬಿಡಲ್ಲ."

"ಸುಮ್ಕಿರವ್ವ" ಅಂದರು ತಾತ. "ಆಯಸ್ಸೆಲ್ಲಾ ದುಡ್ದೆ, ನನ್ಗೋಸ್ಕರ ಯಾರೂ ಎದ್ ನಿಂತಿರ್ನಿಲ್ಲ. ಇವತ್ತು ಸಭೆಗ್ ಸಭೇನೆ ನಿಂತ್ಕತ್ತು. ಸತ್ ಮ್ಯಾಕೆ ನಿಂತಿದ್ರೆ ನಂಗೇನ್ ಕಾಣಿಸ್ತಿತ್ತಾ?"

ಅವರು ಕಣ್ಣು ಒರೆಸಿಕೊಂಡರು, ನಾನೂ ಒರೆಸಿಕೊಂಡೆ. ಆಮೇಲೆ ತಾತ ಕೈಗಡಿಯಾರವನ್ನು ನನ್ನ ಮುಖದ ಹತ್ತಿರ ಹಿಡಿದರು.

"ಆದ್ರೆ ಒಂದ್ ಮಾತು. ಒಂದ್ ನಿಮಿಸ ಅಂದ್ರು, ನಲವತ್ ಸೆಕೆಂಡಿಗೇ ಕುಂತ್ಕಬುಟ್ರು. ಇನ್ನ ಇಪ್ಪತ್ ಸೆಕೆಂಡು ನಿಂತ್ಕಳಕ್ಕೆ ಅವ್ರಿಗೆ ಏಳವ್ವ."

ನಾನು ಮೈಕಿನ ಮುಂದೆ ಹೋಗಿ ನಡೆದದ್ದನ್ನೆಲ್ಲ ಹೇಳಿ, ತಾತನ ಬಾಕಿ ಇಪ್ಪತ್ತು ಸೆಕೆಂಡಿನ ಲೆಕ್ಕವನ್ನೂ ಹೇಳಿದೆ. ಸಭೆ ಮತ್ತೆ ಎದ್ದು ನಿಂತಿತು. ಯಾರಿಗೂ ನಗು ತಡೆಯಲಾಗಲಿಲ್ಲ. ಈ ಸಲ ತಾತ ಮಾತ್ರ ಏಳಲಿಲ್ಲ. ಕಾಲ ಮೇಲೆ ಕಾಲು ಹಾಕಿ ಕೂತು, ಗಡಿಯಾರ ನೋಡುತ್ತಿದ್ದರು.